ಗಲಗಲ ಎನ್ನುವ ಟ್ಯಾಂಕು

ಕಳೆದ ಮಂಗಳವಾರ ಎಂಟನೆಯ ತರಗತಿಗೆ ಘನ, ಘನಮೂಲ ಹೇಳಿಕೊಡುತ್ತಿದ್ದಾಗ ಕಿಸೆಯಲ್ಲಿ ಮೊಬೈಲ್ ನಡುಗಿತು. ಗಂಟೆ ಹೊಡೆದ ಮೇಲೆ ತೆಗೆದು ನೋಡಿದರೆ ಒಂದೇ ಸಾಲು: ‘ಗ್ರಾಹಕರು ಪಾರ್ಸೆಲನ್ನು ನಿರಾಕರಿಸಿದ್ದಾರೆ.’ ಗ್ರಾಹಕ ನಾನು. ಐದು ತಿಂಗಳಿನಿಂದ ಆ ಪಾರ್ಸೆಲಿಗಾಗಿ ದಾರಿ ಕಾಯುತ್ತಿದ್ದವನೂ ನಾನೇ. ನಿರಾಕರಿಸಿದವರು ಯಾರು ಎಂಬುದು ಮಾತ್ರ ಸಂಜೆಯವರೆಗೆ ತಿಳಿಯಲಿಲ್ಲ.

ಒಳಗೆ ಇದ್ದದ್ದು ಟ್ಯಾಂಕು. ನೀರಿನದಲ್ಲ, ಯುದ್ಧದ್ದು; ಅದೂ ಮೂವತ್ತೈದರಲ್ಲಿ ಒಂದು ಅಳತೆಯ ಪ್ಲಾಸ್ಟಿಕ್ ಮಾದರಿ. ಟಿ-90. ನಮ್ಮ ಸೈನ್ಯ ಭೀಷ್ಮ ಎಂದು ಕರೆಯುವುದು ಇದನ್ನೇ. ಚೆನ್ನೈ ಪಕ್ಕದ ಆವಡಿಯಲ್ಲಿ ತಯಾರಾಗುತ್ತದೆ. ಫಿರಂಗಿಯ ನಳಿಗೆಯೂ ಸೇರಿ ಒಂಬತ್ತೂವರೆ ಮೀಟರ್ ಉದ್ದದ ಆಸಾಮಿ ನನ್ನ ಮೇಜಿನ ಮೇಲೆ 27 ಸೆಂಟಿಮೀಟರಿಗೆ ಇಳಿದು ಕುಳಿತುಕೊಳ್ಳಬೇಕಾಗಿತ್ತು. ರಷ್ಯದ ಟಿ-90ಎಗೆ ಮುಂಭಾಗದಲ್ಲಿ ಯಕ್ಷಗಾನದ ಬಣ್ಣದ ವೇಷದ ಹಾಗೆ ಎರಡು ಕೆಂಪು ಕಣ್ಣುಗಳಿರುತ್ತವೆ, ಶತ್ರುವಿನ ಕ್ಷಿಪಣಿಯ ದಾರಿ ತಪ್ಪಿಸುವ ದೀಪಗಳು. ನಮ್ಮ ಭೀಷ್ಮನಿಗೆ ಅವಿಲ್ಲ. ಹಾಗಾಗಿ ಆ ಕಣ್ಣುಗಳನ್ನು ಬಿಟ್ಟು, ಆ ಜಾಗಕ್ಕೆ ಏನು ಅಂಟಿಸಬೇಕು ಎಂದು ಮಳೆ ಹಿಡಿಯುವ ಮೊದಲೇ ಪುಸ್ತಕದಲ್ಲಿ ಚಿತ್ರ ಬಿಡಿಸಿಟ್ಟಿದ್ದೆ. ಬಣ್ಣದ ಬಾಟಲಿಗಳು, ಅಂಟು, ಇಕ್ಕುಳ, ಎಲ್ಲವೂ ಸಾಲಾಗಿ ನಿಂತಿದ್ದವು. ಮದುಮಗನೊಬ್ಬನೇ ಬಾಕಿ.

ಮೂವತ್ತೈದು ಎಂಬ ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ಮಕ್ಕಳು ಕೇಳುತ್ತಾರೆ. ಜಪಾನಿನ ತಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡುವಾಗ, ಒಳಗೆ ಮೋಟಾರು ಮತ್ತು ಬ್ಯಾಟರಿ ಹಿಡಿಸುವಷ್ಟು ಜಾಗ ಬಿಟ್ಟು ಮಾಡಿತು. ಆಮೇಲೆ ಅಳೆದು ನೋಡಿದರೆ ಒಂದಕ್ಕೆ ಮೂವತ್ತೈದು! ಉತ್ತರ ಮೊದಲು ಬರೆದು ಲೆಕ್ಕವನ್ನು ಆಮೇಲೆ ಹೊಂದಿಸುವ ಈ ಪದ್ಧತಿ ನನ್ನ ವಿದ್ಯಾರ್ಥಿಗಳಿಗೆ ಬಹಳ ಹಿಡಿಸಿತು. ಹೇಳಬಾರದಿತ್ತು.

ಮನೆಯಲ್ಲಿ ಬೆಲೆಯನ್ನೂ ಅಳತೆ ಇಳಿಸಿಯೇ ಹೇಳಿದ್ದೇನೆ, ಹತ್ತರಲ್ಲಿ ಒಂದು. ನಾಲ್ಕು ಸಾವಿರದ ಪೆಟ್ಟಿಗೆ ನಾನೂರಾಗಿದೆ. ಹೆಂಡತಿ ಅದಕ್ಕೂ, “ಇಷ್ಟು ಕೊಟ್ಟರೂ ಜೋಡಿಸುವ ಕೆಲಸ ನಮ್ಮದೇ ಅಂತೆ” ಎಂದಳು.

ನಾವಿರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆ, ಬಸ್ಸಿಳಿದು ತೋಟದ ನಡುವೆ ಅರ್ಧ ಕಿಲೋಮೀಟರ್ ನಡೆಯಬೇಕಾದ ಕಡೆ. ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರ್. ಬೆಂಗಳೂರಿನಿಂದ ಹೊರಟ ಪಾರ್ಸೆಲ್ ಘಟ್ಟ ಇಳಿದು ಆ ದಾರಿಯಲ್ಲಿ ಬಂದರೆ ಎರಡೇ ದಿನ. ಆದರೆ ನಮ್ಮದು ಕೇರಳ, ಪಿನ್‌ಕೋಡ್ 671ರಿಂದ ಶುರುವಾಗುತ್ತದಲ್ಲ, ಅದಕ್ಕೆ ಮೊದಲು ಕೊಚ್ಚಿ ನೋಡುವ ಯೋಗ. ಅಲ್ಲಿಂದ ಕೋಝಿಕ್ಕೋಡು, ಕಣ್ಣೂರು ಎನ್ನುತ್ತಾ ಕೇರಳ ದರ್ಶನ ಮುಗಿಸಿ ನಮ್ಮಲ್ಲಿಗೆ ಬರುತ್ತದೆ. ಬಂದ ಮೇಲೆ ಕೊರಿಯರ್ ಹುಡುಗ ಕರೆ ಮಾಡಿ, “ವೀಡ್ ಎವಿಡೆಯಾ?” ಎಂದು ಮಲಯಾಳದಲ್ಲಿ ಮನೆ ಎಲ್ಲಿ ಎಂದು ಕೇಳುತ್ತಾನೆ. ಭಜನಾ ಮಂದಿರದ ಹತ್ತಿರ ಎಂದರೆ, ಊರಿನಲ್ಲಿರುವ ಮೂರು ಭಜನಾ ಮಂದಿರಗಳ ಪೈಕಿ ನಮ್ಮದಲ್ಲದ ಎರಡಕ್ಕೆ ಹೋಗಿ ಬರುತ್ತಾನೆ. ಕೊನೆಗೆ ಅವನೂ ನಾವೂ ಸೋತು ಒಪ್ಪಿಕೊಂಡ ವ್ಯವಸ್ಥೆ ಎಂದರೆ ಬಸ್ ನಿಲ್ದಾಣದ ಎದುರಿನ ಜೀನಸಿನ ಅಂಗಡಿ. ಇಡೀ ವಾರ್ಡಿನ ಪಾರ್ಸೆಲುಗಳು ಅಲ್ಲಿ ಬೆಲ್ಲದ ಡಬ್ಬಕ್ಕೂ ಹಿಂಡಿಯ ಗೋಣಿಗೂ ನಡುವೆ ಇಳಿಯುತ್ತವೆ.

ಅಂಗಡಿಯಣ್ಣ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವ ಮನಸ್ಸು ಇರುವುದಿಲ್ಲ. ಅವರಿಗೆ ಒಂದು ಅಭ್ಯಾಸ. ಯಾವ ಪಾರ್ಸೆಲ್ ಬಂದರೂ ಮೊದಲು ತಕ್ಕಡಿಯ ಮೇಲೆ ಇಡುತ್ತಾರೆ. ಆಮೇಲೆ ಎರಡೂ ಕೈಯಲ್ಲಿ ಎತ್ತಿ, ಕಿವಿಯ ಬಳಿ ತಂದು, ಕಣ್ಣು ಮುಚ್ಚಿ, ಒಣಗಿದ ತೆಂಗಿನಕಾಯಿಯಲ್ಲಿ ನೀರಿದೆಯೇ ಎಂದು ನೋಡುವ ಹಾಗೆ ಅಲುಗಾಡಿಸುತ್ತಾರೆ. ನಂತರ ತೀರ್ಪು. “ಇದು ಚಪ್ಪಲಿ.” “ಇದು ಮಿಕ್ಸಿಯ ಜಾರು, ಮುಚ್ಚಳ ಬೇರೆ ಇದೆ.” ಒಮ್ಮೆ ನಮ್ಮ ಹೆಡ್‌ಮಾಸ್ತರರ ಪಾರ್ಸೆಲನ್ನು ಅಲುಗಾಡಿಸಿ, ಅಂಗಡಿ ತುಂಬಾ ಜನರಿದ್ದಾಗ, “ತಲೆಗೆ ಬಣ್ಣ, ಎರಡು ಬಾಟಲಿ” ಎಂದಿದ್ದರು. ಸರಿಯಾಗಿತ್ತು. ಅಂದಿನಿಂದ ಹೆಡ್‌ಮಾಸ್ತರರು ಬೇರೆ ಅಂಗಡಿಯಲ್ಲಿ ಜೀನಸು ಕೊಳ್ಳುತ್ತಾರೆ.

ನನ್ನ ಕಿಟ್ ಬರಲಿದೆ ಎಂದು ಅಣ್ಣನಿಗೆ ಒಂದು ವಾರ ಮೊದಲೇ ತಿಳಿಸಿದ್ದೆ. “ಕಿಟ್ಟೇ? ಓಣಂ ಇನ್ನೂ ದೂರ ಇದೆಯಲ್ಲ ಮಾಷ್ಟ್ರೇ!” ಎಂದರು. ಕೇರಳದಲ್ಲಿ ಕಿಟ್ ಎಂದರೆ ರೇಷನ್ ಅಂಗಡಿಯ ಚೀಲ. ಅದರೊಳಗೆ ಹೆಸರುಬೇಳೆ, ಸಕ್ಕರೆ, ತೆಂಗಿನೆಣ್ಣೆ. ನನ್ನದು ಬೇರೆ ಕಿಟ್ ಎಂದೆ. ಏನೆಂದು ಬಿಡಿಸಿ ಹೇಳಲಿಲ್ಲ. ಐವತ್ತು ದಾಟಿದ ಲೆಕ್ಕದ ಮೇಷ್ಟ್ರು ಆಟಿಕೆ ತರಿಸಿದರು ಎಂಬ ಸುದ್ದಿ ಆ ಅಂಗಡಿಯಿಂದ ಹೊರಟರೆ ಸಂಜೆಯೊಳಗೆ ಮುಳ್ಳೇರಿಯ ಪೇಟೆ ಮುಟ್ಟುತ್ತದೆ.

ತಪ್ಪಾದದ್ದು ಅಲ್ಲೇ. ಮಂಗಳವಾರ ಪೆಟ್ಟಿಗೆ ಬಂತು. ಅಣ್ಣ ತೂಗಿದರು, 850 ಗ್ರಾಂ. (ಅಸಲಿ ಟ್ಯಾಂಕಿನ 46 ಟನ್ನನ್ನು 35ರ ಘನ 42,875ರಿಂದ ಭಾಗಿಸಿದರೆ ಸುಮಾರು 1,070 ಗ್ರಾಂ. ಪ್ಲಾಸ್ಟಿಕ್‌ಗೆ 850 ಮೋಸವಲ್ಲ.) ಆಮೇಲೆ ಕಿವಿಯ ಬಳಿ ಎತ್ತಿ ಅಲುಗಾಡಿಸಿದರು. ಗಲಗಲ ಎಂದಿತು. ಮತ್ತೆ ಅಲುಗಾಡಿಸಿದರು. ಇನ್ನೂ ಜೋರಾಗಿ ಗಲಗಲ ಎಂದಿತು. ಹಾಲು ತೆಗೆದುಕೊಳ್ಳಲು ಬಂದವರಿಗೂ ಒಮ್ಮೊಮ್ಮೆ ಅಲುಗಾಡಿಸಲು ಕೊಟ್ಟರಂತೆ. ಎಲ್ಲರದೂ ಒಂದೇ ಅಭಿಪ್ರಾಯ.

ಸಂಜೆ ನಾನು ಓಡಿ ಹೋದಾಗ ಅಣ್ಣನ ಮುಖದಲ್ಲಿ ಉಪಕಾರ ಮಾಡಿದವರ ಕಳೆ.

“ಹೆದರಬೇಡಿ ಮಾಷ್ಟ್ರೇ, ಹಿಂದೆ ಕಳುಹಿಸಿದ್ದೇನೆ. ಒಳಗೆ ಒಂದೂ ಇಡಿಯಾಗಿ ಉಳಿದಿರಲಿಲ್ಲ.”

“ಅದು ಬರುವುದೇ ಹಾಗೆ ಅಣ್ಣ.”

“ಪುಡಿಯಾಗಿಯೇ?”

“ಬಿಡಿಬಿಡಿಯಾಗಿ.”

“ನಾಲ್ಕು ಸಾವಿರ ಕೊಟ್ಟು?”

ಬಿಲ್ಲು ಪೆಟ್ಟಿಗೆಯ ಮೇಲೆಯೇ ಅಂಟಿಸಿತ್ತಂತೆ. ಪಕ್ಕದಲ್ಲಿ ಉದ್ದಿನಬೇಳೆ ಕಟ್ಟಿಸಿಕೊಳ್ಳುತ್ತಿದ್ದವರು ನಮ್ಮ ನೆರೆಮನೆಯ ಅಕ್ಕ. ಆ ರಾತ್ರಿ ಊಟಕ್ಕೆ ಗಂಜಿ, ಒಂದು ಉಪ್ಪಿನಕಾಯಿ. ಮಾತಿರಲಿಲ್ಲ.

ಮಳೆ ಹೊಡೆಯುತ್ತಿತ್ತು, ಕರೆಂಟೂ ಹೋಗಿತ್ತು. ಮಲಗಿದಲ್ಲಿ ಹಾಳೆಬಂಡಿ ನೆನಪಾಯಿತು. ಅಡಿಕೆಮರದಿಂದ ಬಿದ್ದ ಹಾಳೆಯ ಅಗಲದ ಕಡೆ ನಾನು ಕುಳಿತರೆ, ಸೋಗೆಯ ತುದಿ ಹಿಡಿದು ನನ್ನ ಸ್ವಂತ ಅಣ್ಣ ಅಂಗಳದ ತುಂಬ ಎಳೆಯುತ್ತಿದ್ದ. ಚಕ್ರವಿಲ್ಲ, ಇಂಜಿನಿಲ್ಲ, ಕೆಂಪುಕಲ್ಲಿನ ಮೇಲೆ ಸಾಗುವಾಗ ಬರುವ ಕರಕರ ಸದ್ದು ಮಾತ್ರ ಪಕ್ಕಾ ಟ್ಯಾಂಕಿನದು. ಹಾಳೆ ಹರಿದರೆ ಚಡ್ಡಿಯೂ ಹರಿಯುತ್ತಿತ್ತು. ಅವನು ಶಾರ್ಜಾಕ್ಕೆ ಹೋಗಿ ಇಪ್ಪತ್ತೆರಡು ವರ್ಷವಾಯಿತು. ಈಗ ಫೋನು ಮಾಡಿದರೆ ಅಡಿಕೆಯ ಧಾರಣೆ ಕೇಳುತ್ತಾನೆ, ನಾನು ಅಲ್ಲಿನ ಸೆಕೆ ಕೇಳುತ್ತೇನೆ. ಅವನಿಗೂ ಮೊಣಕಾಲು ನೋವಂತೆ.

ಮರುದಿನ ಬೆಂಗಳೂರಿನ ಅಂಗಡಿಗೆ ಕರೆ ಮಾಡಿ ಕಾಡಿ ಬೇಡಿ ಇನ್ನೊಮ್ಮೆ ಕಳುಹಿಸಲು ಒಪ್ಪಿಸಿದೆ. ಅಂಗಡಿಯಣ್ಣನ ಬಳಿ ಈ ಸಲ ಸತ್ಯವನ್ನೇ ಹೇಳಿದೆ: ಇದು ಟ್ಯಾಂಕು, ತುಂಡು ತುಂಡಾಗಿ ಬರುತ್ತದೆ, ನಾನೇ ಜೋಡಿಸಬೇಕು, ಗಲಗಲ ಎಂದರೆ ಸರಿ ಇದೆ ಎಂದು ಅರ್ಥ. ಅವರು ಗಂಭೀರವಾಗಿ ತಲೆಯಾಡಿಸಿ, ಸಾಲದ ಪುಸ್ತಕದ ಹಿಂದಿನ ಪುಟದಲ್ಲಿ ‘ಮಾಷ್ಟ್ರು – ಗಲಗಲ’ ಎಂದು ಬರೆದುಕೊಂಡರು. ನೆಮ್ಮದಿಯಾಯಿತು.

ನಿನ್ನೆ ಸಂಜೆ ಅವರ ಕರೆ ಬಂತು.

“ಮಾಷ್ಟ್ರೇ, ನಿಮ್ಮ ಮನೆಯ ವಿಳಾಸಕ್ಕೆ ಒಂದು ಬಂದಿದೆ. ನಾಲ್ಕು ಸಲ ಅಲುಗಾಡಿಸಿದೆ, ಸದ್ದೇ ಇಲ್ಲ. ಹುಡುಗ ಇಲ್ಲೇ ನಿಂತಿದ್ದಾನೆ, ಹಿಂದೆ ಕಳುಹಿಸಿಬಿಡಲೇ?”

ಹೆಂಡತಿ ಮಂಗಳೂರಿನ ಮದುವೆಗೆಂದು ಸೀರೆ ತರಿಸಿದ್ದು ಆಗ ನೆನಪಾಯಿತು. ಕೊಡೆಗೂ ಕಾಯದೆ ಅಂಗಳಕ್ಕೆ ಇಳಿದೆ.