ಬಿಸಿನೀರಿನ ನಲ್ಲಿಯಲ್ಲಿ ನೂಲಿನಂತೆ ಇಳಿಯುವ ನೀರು

ಬೆಂಗಳೂರಿನ ನಮ್ಮ ಮನೆಯಲ್ಲಿ ತಣ್ಣೀರಿನ ನಲ್ಲಿಯಿಂದ ಎರಡೇ ನಿಮಿಷದಲ್ಲಿ ಬಕೆಟ್ ತುಂಬುತ್ತದೆ. ಪಕ್ಕದ ಬಿಸಿನೀರಿನ ನಲ್ಲಿಯಿಂದ ಮಾತ್ರ ತಿಂಗಳುಗಟ್ಟಲೆ ನೀರು ನೂಲೆಳೆಯಂತೆ ಇಳಿಯುತ್ತಿತ್ತು. ವಯಸ್ಸಾದ ಅಮ್ಮ ಚಳಿಯಲ್ಲಿ ನಡುಗುತ್ತಾ ಕಾಯುವುದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಬಂದ ಮೂವರು ಪ್ಲಂಬರ್‌ಗಳೂ ಪ್ರೆಶರ್ ಪಂಪ್ ಹಾಕಿಸಿ ಎಂದರೇ ಹೊರತು, ತಣ್ಣೀರು ಸರಿಯಾಗಿ ಬರುತ್ತಿರುವಾಗ ದೋಷ ಗೀಸರ್‌ನ ಕಡೆಯೇ ಇರಬೇಕೆಂದು ಒಬ್ಬರೂ ಯೋಚಿಸಲಿಲ್ಲ. ತಾರಸಿಯ ಟ್ಯಾಂಕಿನ ನೀರಿಗೆ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ; ನಮ್ಮ ಟ್ಯಾಂಕ್ ಇರುವುದು ನಲ್ಲಿಗಿಂತ ಮೂರೇ ಮೀಟರ್ ಮೇಲೆ, ಹಾಗಾಗಿ ದಾರಿಯಲ್ಲಿ ತುಸು ಅಡ್ಡಿಯಾದರೂ ಹರಿವು ಕುಗ್ಗಿಬಿಡುತ್ತದೆ. ಕೊನೆಗೆ ನಾನೇ ಹಟ ಹಿಡಿದು, ಕರೆಂಟು ಆರಿಸಿ, ನೀರು ನಿಲ್ಲಿಸಿ, ಗೀಸರ್‌ನಿಂದ ಬಿಸಿನೀರು ಹೊರಬರುವ ಕೊಳವೆಯನ್ನು ಬಿಚ್ಚಿಸಿದೆ. ಒಳಗೆ ಬೆಂಕಿಕಡ್ಡಿ ಮಾತ್ರ ತೂರುವಷ್ಟು ಜಾಗ ಉಳಿದಿತ್ತು. ಉಳಿದುದೆಲ್ಲ ಉಗುರಿಗೆ ಏಳದ ಬಿಳಿಯ ಸುಣ್ಣದ ಪೊರೆ. ಬೋರ್‌ವೆಲ್‌ನ ಗಡಸು ನೀರು ಕಾದಾಗ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಹೀಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಈ ಊರಿನ ಸಾವಿರಾರು ಮನೆಗಳು ಇದೇ ನೀರನ್ನು ಕಾಯಿಸುತ್ತಿರುವಾಗ, ಇದನ್ನೇ ಹೊಟ್ಟೆಪಾಡಾಗಿಸಿಕೊಂಡವರು ಆ ಒಂದು ನಟ್ಟು ಬಿಚ್ಚಿ ನೋಡದೆ ಸಾವಿರಾರು ರೂಪಾಯಿಯ ಪಂಪಿನ ಮಾತೆತ್ತುವುದು ನನಗೆ ಸಹಿಸಲಾಗದ ಸಂಗತಿ.