ಐಟಿಐ ಬಿಟ್ಟ ಹುಡುಗನ ಮನೆಗೆ ಹೋಗುವವರು ಯಾರು?

ಐಟಿಐಗೆ, ಅಂದರೆ ಕೈಗಾರಿಕಾ ತರಬೇತಿ ಸಂಸ್ಥೆಗೆ, ಈ ವರ್ಷ ಎಷ್ಟು ಮಕ್ಕಳು ಸೇರಿದರು ಎಂದು ಎಲ್ಲರೂ ಕೇಳುತ್ತಾರೆ. ಇಲಾಖೆಯಿಂದ ಫೋನ್ ಬರುತ್ತದೆ, ಪತ್ರಿಕೆಯವರು ಬರುತ್ತಾರೆ, ತಾಲ್ಲೂಕು ಮಟ್ಟದ ಸಭೆಯಲ್ಲೂ ಅದೇ ಪ್ರಶ್ನೆ. ಸೇರಿದವರಲ್ಲಿ ಸಂಕ್ರಾಂತಿಯ ಹೊತ್ತಿಗೆ ಎಷ್ಟು ಮಂದಿ ಉಳಿದಿದ್ದಾರೆ ಎಂದು ಕೇಳಿದವರು ನನ್ನ ಇಡೀ ಸೇವಾವಧಿಯಲ್ಲಿ ಬೆರಳೆಣಿಕೆಯಷ್ಟು. ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಫಿಟ್ಟರ್ ಟ್ರೇಡಿನ, ಅಂದರೆ ಲೋಹದ ಭಾಗಗಳನ್ನು ಅಳತೆಗೆ ತಂದು ಜೋಡಿಸುವ ಕಸುಬಿನ, ಕಿರಿಯ ತರಬೇತಿ ಅಧಿಕಾರಿಯಾಗಿದ್ದು ನಿವೃತ್ತನಾದವನು ನಾನು. ಈಗ ಯಾರ ಅಪ್ಪಣೆಯೂ ಬೇಕಿಲ್ಲವಾದ್ದರಿಂದ ಮನಸ್ಸಿನಲ್ಲಿರುವುದನ್ನು ಬರೆಯುತ್ತಿದ್ದೇನೆ. ಉದ್ದವಾಗಿದೆ, ಪುರಸೊತ್ತಿದ್ದವರು ಓದಿ.

ಮೊದಲು ಯಂತ್ರಗಳ ಮಾತು ಮುಗಿಸಿಬಿಡುತ್ತೇನೆ. 2022ರ ಜೂನ್‌ನಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟೆಕ್ನಾಲಜಿ ಹಬ್‌ಗಳೆಂದು ಪ್ರಧಾನಿಯವರು ಬೆಂಗಳೂರಿನಲ್ಲಿ ಉದ್ಘಾಟಿಸಿದರು. ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಮಾಡಿದ ಆ ಯೋಜನೆಯ ವೆಚ್ಚ 4,600 ಕೋಟಿ ರೂಪಾಯಿಗೂ ಹೆಚ್ಚು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಪಿಎಂ-ಸೇತು ಆರಂಭಿಸಿತು. ದೇಶದ 1,000 ಐಟಿಐಗಳನ್ನು ಮೇಲೆತ್ತಲು 60,000 ಕೋಟಿ. ಇದರ ಬಗ್ಗೆ ನನಗೆ ಕೊಂಕಿಲ್ಲ. ಹ್ಯಾಕ್ಸಾ ಬ್ಲೇಡಿಗೂ ಇಂಡೆಂಟ್ ಬರೆದು ತಿಂಗಳುಗಟ್ಟಲೆ ಕಾದವನಿಗೆ ಕಂಪ್ಯೂಟರ್ ನಡೆಸುವ ಹೊಸ ಸಿಎನ್‌ಸಿ ಯಂತ್ರ ನೋಡಿದರೆ ಸಂತೋಷವಾಗದೆ ಇರುತ್ತದೆಯೇ? ಆದರೆ ಯಂತ್ರ ಬಂದ ಮೇಲೂ ಹುಡುಗರು ಬಿಟ್ಟು ಹೋಗುತ್ತಾರೆ. ಯಾಕೆಂದರೆ ಬಿಡುವ ಹುಡುಗ ಸಿಎನ್‌ಸಿ ಯಂತ್ರದವರೆಗೆ ಬರುವುದೇ ಇಲ್ಲ. ಅವನು ಬಿಡುವುದು ಅದಕ್ಕಿಂತ ಬಹಳ ಮುಂಚೆ, ಕಬ್ಬಿಣವನ್ನು ಬಿಗಿಹಿಡಿಯುವ ಬೆಂಚ್ ವೈಸ್ ಮುಂದೆ ನಿಂತಿರುವಾಗ.

ಫಿಟ್ಟರ್ ಟ್ರೇಡಿನ ಮೊದಲ ತಿಂಗಳುಗಳು ಹೇಗಿರುತ್ತವೆ ಎಂಬುದು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ ಬಂದಿರುತ್ತಾನೆ. ಮನಸ್ಸಿನಲ್ಲಿ ಕಾರು, ಮೋಟಾರು, ದೊಡ್ಡ ಕಾರ್ಖಾನೆ. ಇಲ್ಲಿ ಅವನ ಕೈಗೆ ಕೊಡುವುದು ಒಂದು ಕಬ್ಬಿಣದ ತುಂಡು ಮತ್ತು ಒಂದು ಫೈಲ್, ಅಂದರೆ ಉಜ್ಜುವ ಅರ. ಉಜ್ಜು ಎನ್ನುತ್ತೇವೆ. ಉಜ್ಜುತ್ತಾನೆ. ಮೂಲೆ ಸರಿಯಿದೆಯೇ ಎಂದು ನೋಡುವ ಟ್ರೈ ಸ್ಕ್ವೇರ್ ಇಟ್ಟು ಕಿಟಕಿಯ ಕಡೆ ಹಿಡಿದು ನೋಡಿದರೆ ನಡುವೆ ಬೆಳಕು ಸೋರುತ್ತದೆ. ಮತ್ತೆ ಉಜ್ಜು. ಒಂದು ಮೂಲೆ ಸರಿಯಾಯಿತು ಎನ್ನುವಷ್ಟರಲ್ಲಿ ಇನ್ನೊಂದು ಮೂಲೆ ತಗ್ಗಾಗಿರುತ್ತದೆ. ಅಂಗೈಯಲ್ಲಿ ಬೊಬ್ಬೆ ಏಳುತ್ತದೆ, ಭುಜ ಹಿಡಿದುಕೊಳ್ಳುತ್ತದೆ. ವಾರವಾದರೂ ಅದೇ ತುಂಡು. ಇದು ಬೇಕೇ ಬೇಕು. ಕೈಗೆ ಲೋಹದ ಅಂದಾಜು ಸಿಗದವನು ಯಾವ ಯಂತ್ರದ ಮುಂದೆ ನಿಂತರೂ ಬರೀ ಗುಂಡಿ ಒತ್ತುವವನಾಗುತ್ತಾನೆ. ಆದರೆ ಇದು ಯಾಕೆ ಬೇಕು ಎಂದು ಹದಿನಾರರ ಹುಡುಗನಿಗೆ ಆ ದಿನ, ಆ ಬೊಬ್ಬೆ ಉರಿಯುತ್ತಿರುವಾಗ ಹೇಳುವವರು ಬೇಕು. ಹೆಚ್ಚಿನ ಕಡೆ ಒಬ್ಬ ಬೋಧಕನ ತಲೆಯ ಮೇಲೆ ಎರಡು ಬ್ಯಾಚು, ಜೊತೆಗೆ ಪೋರ್ಟಲ್ ತುಂಬುವ ಕೆಲಸ. ಎಷ್ಟೋ ಕಡೆ ಇರುವವರು ಅತಿಥಿ ಬೋಧಕರು. ಮುಂದಿನ ವರ್ಷ ತಾವೇ ಇರುತ್ತೇವೋ ಇಲ್ಲವೋ ಎಂಬ ಚಿಂತೆಯಲ್ಲಿರುವವರು ಹುಡುಗನ ಚಿಂತೆ ಎಷ್ಟು ಮಾಡಿಯಾರು?

ಸೀಟಿನ ವಿಷಯ ಇನ್ನೊಂದು. ಎಲೆಕ್ಟ್ರಿಷಿಯನ್ ಬೇಕೆಂದು ಬಂದವನಿಗೆ ಫಿಟ್ಟರ್ ಸಿಗುತ್ತದೆ, ಫಿಟ್ಟರ್ ಕೇಳಿದವನಿಗೆ ವೆಲ್ಡರ್. ಅಪ್ಪನಿಗೆ ಸೀಟು ಸಿಕ್ಕಿದ್ದೇ ಸಮಾಧಾನ. ಹುಡುಗ ಮಾತ್ರ ಪಕ್ಕದ ಶೆಡ್ಡಿನ ಕಡೆ ನೋಡುತ್ತಾ ಒಲ್ಲದ ಮನಸ್ಸಿನಿಂದ ನಿಂತಿರುತ್ತಾನೆ. ಮೊದಲ ತಿಂಗಳಿನಲ್ಲಿ ಟ್ರೇಡ್ ಬದಲಾಯಿಸಿಕೊಳ್ಳುವುದನ್ನು ಸುಲಭ ಮಾಡಿದರೆ ಒಂದಷ್ಟು ಮಕ್ಕಳು ಅಲ್ಲೇ ಉಳಿಯುತ್ತಾರೆ.

ಒಮ್ಮೆ ಶಿರಾ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ದೀಪಾವಳಿಯ ನಂತರ ಒಬ್ಬ ಹುಡುಗ ಪತ್ತೆಯಿರಲಿಲ್ಲ. ಅರ್ಜಿಯಲ್ಲಿದ್ದ ಮೊಬೈಲ್ ಸಂಖ್ಯೆ ಬಂದ್ ಆಗಿತ್ತು. ಮನೆಯ ಮುಂದೆ ಅವನ ತಾಯಿ ಕಡಲೆಕಾಯಿ ಬಿಡಿಸುತ್ತಾ ಕುಳಿತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಎದ್ದು, ಸೆರಗಿನಿಂದ ಚಾಪೆ ಒರೆಸಿ, “ಕುಳಿತುಕೊಳ್ಳಿ ಮೇಷ್ಟ್ರೇ, ನಾವೇನೂ ಬಿಡಿಸಲಿಲ್ಲ, ಅವನೇ ಒಲ್ಲೆ ಎಂದ” ಎಂದರು. ಹುಡುಗ ಡಾಬಸ್‌ಪೇಟೆಯ ಕಡೆ ಗೋದಾಮೊಂದಕ್ಕೆ ಹೋಗುತ್ತಿದ್ದ. ಬೆಳಗ್ಗೆ ಐದಕ್ಕೆಲ್ಲ ವ್ಯಾನ್ ಬಂದು ಊರಿನ ಹುಡುಗರನ್ನು ತುಂಬಿಕೊಂಡು ಹೋಗುತ್ತದಂತೆ. ಪೆಟ್ಟಿಗೆ ಎತ್ತಿಡುವುದು, ಸ್ಕ್ಯಾನ್ ಮಾಡುವುದು. ಬಟವಾಡೆ ವಾರಕ್ಕೊಮ್ಮೆ. ಆ ತಾಯಿ ಒಳಗೆ ಹೋಗಿ ಟಿವಿಯ ಮೇಲಿಟ್ಟಿದ್ದ ಒಂದು ಕಬ್ಬಿಣದ ತುಂಡನ್ನು ತಂದು ನನ್ನ ಕೈಗಿತ್ತು, “ಇದು ಅವನೇ ಮಾಡಿದ್ದು” ಎಂದರು. ಮೇಲೆ ತುಕ್ಕು ಹಿಡಿದಿತ್ತು. ಬದಿಗಳು ಮಾತ್ರ ಅಚ್ಚುಕಟ್ಟು ಚೌಕ. ಅಂದರೆ ಹುಡುಗನಿಗೆ ಕೆಲಸ ಬರುತ್ತಿರಲಿಲ್ಲ ಎಂದಲ್ಲ.

ಸಂಜೆಯವರೆಗೆ ಕಾದು ಅವನನ್ನೇ ಕೇಳಿದೆ. ಕಡಲೆಕಾಯಿ ಕೀಳುವ ಹೊತ್ತಿನಲ್ಲಿ ಮನೆಗೆ ಕೈ ಬೇಕಾಗಿ ಹತ್ತು ಹನ್ನೆರಡು ದಿನ ಬಂದಿರಲಿಲ್ಲ. ಮರಳಿ ಬಂದ ದಿನ ತರಗತಿಯಲ್ಲಿ ಎಲ್ಲರೆದುರು ಯಾರೋ, “ನಿನ್ನ ಹಾಜರಾತಿ ಹೋಯಿತು, ಇನ್ನು ಪರೀಕ್ಷೆಗೆ ಕೂರಿಸುವುದಿಲ್ಲ” ಎಂದಿದ್ದರು. ಹುಡುಗ ನಂಬಿಬಿಟ್ಟ. ಮುಗಿದ ಮೇಲೆ ಬಂದು ಏನು ಮಾಡಲಿ ಸರ್ ಎಂದ.

ನಿಯಮ ನಿಜ. ಪರೀಕ್ಷೆಗೆ ಕೂರಬೇಕಾದರೆ ಶೇ 80ರಷ್ಟು ಹಾಜರಾತಿ ಇರಬೇಕು. ಆದರೆ ವರ್ಷದ ಆರಂಭದಲ್ಲಿ ಹತ್ತು ಹನ್ನೆರಡು ದಿನ ತಪ್ಪಿದವನಿಗೆ ಇನ್ನೂ ಬೇಕಾದಷ್ಟು ಅವಕಾಶವಿತ್ತು. ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದೆ. ಇಷ್ಟು ದಿನ ಹೋಗಿದೆ, ಇಷ್ಟು ದಿನ ಬಾಕಿ ಇದೆ, ಇನ್ನು ಮುಂದೆ ತಪ್ಪಿಸದಿದ್ದರೆ ಕೂರಬಹುದು. ಮುಂದಿನ ಸೋಮವಾರ ಬಂದ. ಎರಡು ವರ್ಷ ಮುಗಿಸಿದ. ಹೀಗೆ ಮನೆಗೆ ಹೋಗಿ ಕರೆದವರೆಲ್ಲ ಬಂದರು ಎಂದು ನಾನು ಹೇಳುವುದಿಲ್ಲ. ಸಾಲ ಕುತ್ತಿಗೆಗೆ ಬಂದಿದ್ದ ಮನೆಗಳ ಹುಡುಗರು ಬರಲಿಲ್ಲ. ನನ್ನ ಮಾತಿನಿಂದ ಅವರ ಮನೆಯ ಬಡ್ಡಿ ಕಟ್ಟಲಾಗುವುದಿಲ್ಲ. ಆದರೆ ನಾನು ನೋಡಿದಂತೆ ಬಿಟ್ಟವರಲ್ಲಿ ಒಂದು ದೊಡ್ಡ ಪಾಲಿಗೆ ಬೇಕಾಗಿದ್ದದ್ದು ಇಷ್ಟೇ. ಬಾಗಿಲು ಇನ್ನೂ ತೆರೆದಿದೆ ಎಂದು ಮನೆಗೆ ಬಂದು ಹೇಳುವ ಒಬ್ಬ ಮನುಷ್ಯ.

ಈಗ ದುಡ್ಡಿನ ಮಾತು. ಐಟಿಐ ಪಾಸಾದ ಮೇಲೆ ಕಾರ್ಖಾನೆಯಲ್ಲಿ ಕೆಲಸ ಕಲಿಯುವ ಅಪ್ರೆಂಟಿಸ್ ಆದರೆ 2019ರ ತಿದ್ದುಪಡಿ ನಿಯಮಗಳ ಪ್ರಕಾರ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಶಿಷ್ಯವೇತನ. ಅದು ಎರಡು ವರ್ಷದ ನಂತರದ ಮಾತು. ಆ ಎರಡು ವರ್ಷ ಹುಡುಗ ಮನೆಯಿಂದ ತರಬೇಕೇ ಹೊರತು ಮನೆಗೆ ಏನೂ ಕೊಡುವುದಿಲ್ಲ. ಗೋದಾಮಿನ ವ್ಯಾನು ಮನೆ ಬಾಗಿಲಿಗೆ ಬರುತ್ತದೆ. ನಮ್ಮ ಬಸ್ಸು ಹೋಬಳಿಯಿಂದ ಹೊರಟು ಪಟ್ಟಣ ಮುಟ್ಟುವ ಹೊತ್ತಿಗೆ ಮೊದಲ ಹಾಜರಾತಿ ಆಗಿಹೋಗಿರುತ್ತದೆ. ರಿಯಾಯಿತಿ ಪಾಸ್ ಕೊಟ್ಟಿದ್ದೇವಲ್ಲ ಎನ್ನುತ್ತಾರೆ. ಪಾಸ್ ಇದ್ದರೆ ಸಾಲದು ಸ್ವಾಮಿ, ಬಸ್ಸು ಬೇಕು, ಹೊತ್ತಿಗೆ ಸರಿಯಾಗಿ ಬೇಕು. ಹಾಸ್ಟೆಲ್ ವಿಷಯವೂ ಹೀಗೆಯೇ. ಪಿಯು ಕಾಲೇಜುಗಳು ಜೂನ್‌ನಲ್ಲಿ ಶುರುವಾಗುತ್ತವೆ, ಐಟಿಐ ತರಗತಿಗಳು ಆಗಸ್ಟ್ ನಂತರ. ನಮ್ಮ ಹುಡುಗ ಅರ್ಜಿ ಹಿಡಿದು ಹೋಗುವ ಹೊತ್ತಿಗೆ ಹಾಸ್ಟೆಲಿನಲ್ಲಿ ಜಾಗ ತುಂಬಿರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಹುಡುಗಿಯರ ವಿಷಯದಲ್ಲಿ ಒಂದು ಒಳ್ಳೆಯ ಬದಲಾವಣೆ ಆಗಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿಲ್ಲ ಎಂಬ ಕಾರಣಕ್ಕೆ ಮನೆಯಲ್ಲಿ ಕೂರಬೇಕಾಗಿಲ್ಲ. ರಾಜಕೀಯವಾಗಿ ಯಾರು ಏನಾದರೂ ಹೇಳಲಿ, ಎಲೆಕ್ಟ್ರಿಷಿಯನ್ ಟ್ರೇಡಿನ ಹುಡುಗಿಗೆ ಅದು ದೊಡ್ಡ ಆಸರೆ. ಆದರೆ ವರ್ಕ್‌ಶಾಪಿನ ಹತ್ತಿರ ನೀರಿರುವ ಶೌಚಾಲಯ ಇಲ್ಲದಿದ್ದರೆ ಆ ಹುಡುಗಿ ತಿಂಗಳಿಗೆ ಮೂರು ನಾಲ್ಕು ದಿನ ಬರುವುದಿಲ್ಲ. ಆಮೇಲೆ ಗಂಡು ನೋಡಲು ಶುರು ಮಾಡುತ್ತಾರೆ.

ಇನ್ನು ಮರ್ಯಾದೆಯ ಪ್ರಶ್ನೆ. “ಪಿಯುಸಿಗೆ ಸೀಟು ಸಿಗಲಿಲ್ಲವೇ?” ಎಂದು ಮದುವೆ ಮನೆಯಲ್ಲಿ ನೆಂಟರು ಕೇಳುವ ಧಾಟಿ ಇದೆಯಲ್ಲ, ಅದು ಬೊಬ್ಬೆಗಿಂತ ಹೆಚ್ಚು ಉರಿಯುತ್ತದೆ. ಎರಡು ವರ್ಷದ ಐಟಿಐ ಮುಗಿಸಿದವನು ಡಿಪ್ಲೊಮಾ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು, ಅಲ್ಲಿಂದ ಎಂಜಿನಿಯರಿಂಗ್‌ಗೂ ಹೋಗಬಹುದು ಎಂಬುದು ಆ ನೆಂಟರಿಗೆ ಬಿಡಿ, ಎಷ್ಟೋ ಹೈಸ್ಕೂಲು ಮೇಷ್ಟರುಗಳಿಗೇ ಗೊತ್ತಿರುವುದಿಲ್ಲ.

ದುಡ್ಡು ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಜರ್ಮನಿಯ ಉದಾಹರಣೆ ಕೊಡುತ್ತೇನೆ. ವೃತ್ತಿ ತರಬೇತಿ ಎಂದರೆ ನಮ್ಮ ಅಧಿಕಾರಿಗಳು ಹೇಗೂ ಮೊದಲು ನೋಡಿ ಬರುವುದು ಅದೇ ದೇಶವನ್ನು. 2016ರಲ್ಲಿ ನಮ್ಮಲ್ಲಿ ಶುರುವಾದ, ಐಟಿಐ ಮತ್ತು ಕಾರ್ಖಾನೆ ಎರಡರಲ್ಲೂ ಕಲಿಸುವ ಡ್ಯುಯಲ್ ಸಿಸ್ಟಂ ಕೂಡ ಅಲ್ಲಿನ ಮಾದರಿಯಿಂದಲೇ ಬಂದದ್ದು. ಅಲ್ಲಿ ಹುಡುಗ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು, ವಾರದಲ್ಲಿ ಒಂದೆರಡು ದಿನ ಶಾಲೆಗೆ, ಉಳಿದ ದಿನ ಕೆಲಸಕ್ಕೆ ಹೋಗುತ್ತಾನೆ. ಮೊದಲ ದಿನದಿಂದಲೇ ಸಂಬಳ. 2020ರಿಂದ ಕನಿಷ್ಠ ಮೊತ್ತವನ್ನು ಕಾನೂನೇ ನಿಗದಿ ಮಾಡಿದೆ. ಆ ವರ್ಷ ಸೇರಿದವರಿಗೆ ಮೊದಲ ವರ್ಷ ತಿಂಗಳಿಗೆ 515 ಯೂರೋ. ಇಷ್ಟಾದರೂ ಅಲ್ಲಿ ನಾಲ್ಕು ಒಪ್ಪಂದಗಳಲ್ಲಿ ಒಂದಕ್ಕಿಂತ ಹೆಚ್ಚು ಅವಧಿಗೆ ಮುಂಚೆಯೇ ಮುರಿಯುತ್ತವೆ, ಅದೂ ಬಹುಪಾಲು ಮೊದಲ ವರ್ಷದಲ್ಲೇ. ಮುರಿದವರೆಲ್ಲ ಕಲಿಕೆ ಬಿಟ್ಟವರಲ್ಲ, ಕೆಲವರು ಬೇರೆ ಕಂಪನಿಗೋ ಬೇರೆ ಕಸುಬಿಗೋ ಹೋಗುತ್ತಾರೆ. ಆದರೂ ಅವರು ಇದನ್ನು ಹಗುರವಾಗಿ ತೆಗೆದುಕೊಂಡಿಲ್ಲ.

ಬಾನ್ ನಗರದಲ್ಲಿ ಸೀನಿಯರ್ ಎಕ್ಸ್‌ಪರ್ಟ್ ಸರ್ವಿಸ್ ಎಂಬ ನಿವೃತ್ತ ತಜ್ಞರ ಸಂಸ್ಥೆ ಇದೆ, 1983ರಲ್ಲಿ ಹುಟ್ಟಿದ್ದು. ಅದು 2008ರಲ್ಲಿ ‘ವೆರಾ’ ಎಂಬ ಕಾರ್ಯಕ್ರಮ ಶುರು ಮಾಡಿತು. ತರಬೇತಿಯಲ್ಲಿ ಎಡವುತ್ತಿರುವ ಹುಡುಗನಿಗೋ ಹುಡುಗಿಗೋ ಒಬ್ಬ ನಿವೃತ್ತ ಅನುಭವಿಯನ್ನು ಜೊತೆ ಮಾಡುತ್ತಾರೆ. ಒಬ್ಬರಿಗೆ ಒಬ್ಬರು. ಶುಲ್ಕವಿಲ್ಲ. ಆ ಹಿರಿಯರು ಪರೀಕ್ಷೆಗೆ ಓದಿಸುವುದೂ ಉಂಟು, ಸೂಪರ್‌ವೈಸರ್ ಜೊತೆಗಿನ ಮನಸ್ತಾಪ ಬಿಡಿಸುವುದೂ ಉಂಟು, ಬರೀ ಕಷ್ಟಸುಖ ಕೇಳುವುದೂ ಉಂಟು. ಅವರಿಗೂ ಮೊದಲು ಒಂದು ಚಿಕ್ಕ ತರಬೇತಿ ಕೊಡುತ್ತಾರೆ.

ಇದನ್ನು ಕೇಳಿದಾಗ ನನಗೆ ಹೊಳೆದದ್ದು ನಮ್ಮ ತುಮಕೂರೇ. ಇಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಇತ್ತು. ಎಚ್‌ಎಂಟಿ ಗಡಿಯಾರ ಕಂಪನಿಯನ್ನೇ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ತೀರ್ಮಾನಿಸಿತು, ಇಲ್ಲಿನ ಜಾಗ ಇಸ್ರೋಗೆ ಹೋಯಿತು. ಅಲ್ಲಿ ಕೆಲಸ ಮಾಡಿದವರು ಎಲ್ಲೂ ಹೋಗಿಲ್ಲ, ಊರಲ್ಲೇ ಇದ್ದಾರೆ. ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಕೆಲಸ ಮಾಡಿದ ಕೈಗಳು ಈಗ ಬೆಳಗ್ಗೆ ಪಾರ್ಕಿನಲ್ಲಿ ವಾಯುವಿಹಾರ ಮಾಡುತ್ತಿವೆ. ಬೆಂಗಳೂರಿನಲ್ಲಂತೂ ಬಿಇಎಲ್, ಎಚ್‌ಎಎಲ್, ಬಿಇಎಂಎಲ್, ಟೆಲಿಫೋನ್ ಮಾಡುತ್ತಿದ್ದ ಐಟಿಐ ಕಾರ್ಖಾನೆ, ಎನ್‌ಜಿಇಎಫ್‌ಗಳ ನಿವೃತ್ತ ಟರ್ನರ್, ಫಿಟ್ಟರ್, ಟೂಲ್‌ರೂಮ್ ಮೇಸ್ತ್ರಿಗಳಿಗೆ ಬರವೇ ಇಲ್ಲ. ಭದ್ರಾವತಿಯಲ್ಲಿ ಉಕ್ಕಿನ ಕಾರ್ಖಾನೆಯವರಿದ್ದಾರೆ, ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕ್‌ಶಾಪಿನವರು. ಇವರಲ್ಲಿ ಅನೇಕರು ಸ್ವತಃ ಐಟಿಐ ಓದಿ, ಅಪ್ರೆಂಟಿಸ್ ಆಗಿ, ಆ ಸಂಬಳದಲ್ಲೇ ಮನೆ ಕಟ್ಟಿ, ಮಕ್ಕಳನ್ನು ಎಂಜಿನಿಯರ್ ಮಾಡಿದವರು. ಐಟಿಐಯಿಂದ ಏನಾಗುತ್ತದೆ ಎಂದು ಕೇಳುವ ಅಪ್ಪನ ಎದುರು ಇವರು ಕುಳಿತು ಕಾಫಿ ಕುಡಿದರೆ ಸಾಕು, ಬೇರೆ ಕರಪತ್ರ ಬೇಕಿಲ್ಲ.

ಇಂಥವರನ್ನು ನಮ್ಮ ಐಟಿಐ ಮಕ್ಕಳಿಗೆ ಜೊತೆ ಮಾಡೋಣ ಎಂದರೆ ಬರುವ ಆಕ್ಷೇಪಣೆ ನನಗೂ ಗೊತ್ತು. ನಿವೃತ್ತರು ಎಂದರೆ “ನಮ್ಮ ಕಾಲದಲ್ಲಿ” ಎಂದು ಶುರು ಮಾಡುತ್ತಾರೆ, ಹುಡುಗರು ಎರಡನೆಯ ಭೇಟಿಗೇ ತಪ್ಪಿಸಿಕೊಳ್ಳುತ್ತಾರೆ. ನಿಜ. ಈ ಬರಹವೇ ಅದಕ್ಕೆ ಸಾಕ್ಷಿ ಎಂದು ನನ್ನ ಮಗಳು ಹೇಳಬಹುದು. ಅದಕ್ಕೇ ಜರ್ಮನಿಯಲ್ಲಿ ಮಾಡುವಂತೆ ಅವರಿಗೂ ಮೊದಲು ತರಬೇತಿ ಬೇಕು. ಹುಡುಗನ ಮಾತು ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಸಬೇಕು. ಹುಡುಗಿಯರಿಗೆ ಸಾಧ್ಯವಾದಷ್ಟು ಮಟ್ಟಿಗೆ ನಿವೃತ್ತ ಮಹಿಳಾ ಕೆಲಸಗಾರರನ್ನೇ ಹುಡುಕಬೇಕು. ಗಡಿಯಾರದ ಜೋಡಣೆಯಲ್ಲಿ, ಎಲೆಕ್ಟ್ರಾನಿಕ್ಸ್ ಜೋಡಣೆಯಲ್ಲಿ ದುಡಿದ ಎಷ್ಟು ಮಂದಿ ಹೆಂಗಸರಿಲ್ಲ?

ಬಿಡದಿಯ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆಯನ್ನು ಇಲ್ಲಿ ನೆನೆಯಬೇಕು. 2007ರಲ್ಲಿ ಶುರುವಾದದ್ದು. ಹಳ್ಳಿಯ ಬಡ ಮನೆಗಳ ಮಕ್ಕಳನ್ನು ಆರಿಸಿ ಮೂರು ವರ್ಷ ಅಲ್ಲೇ ವಸತಿ ಕೊಟ್ಟು ಕಲಿಸುತ್ತಾರೆ. ಅಲ್ಲಿ ಒಬ್ಬ ಹುಡುಗ ಬೆಳಗ್ಗೆ ಕಾಣದಿದ್ದರೆ ಆಗಲೇ ಗೊತ್ತಾಗುತ್ತದೆ. ನಮ್ಮಲ್ಲಿ ಒಬ್ಬ ಕಾಣೆಯಾದರೆ ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆದು ಮುಂದಿನ ಹೆಸರು ಕೂಗುತ್ತೇವೆ. ಎಲ್ಲ ಐಟಿಐಗಳನ್ನೂ ವಸತಿ ಸಂಸ್ಥೆ ಮಾಡಲು ಸಾಧ್ಯವಿಲ್ಲ, ಸರಿ. ಮೂರು ದಿನ ಗೈರಾದವನ ಮನೆಗೆ ನಾಲ್ಕನೆಯ ದಿನ ಒಬ್ಬರು ಹೋಗಬೇಕು ಎಂಬ ಪದ್ಧತಿ ಮಾಡಲು ಏನು ಕಷ್ಟ? ಬೋಧಕರಿಂದ ಆಗದು, ಅವರ ಕೈ ತುಂಬಿದೆ. ನಿವೃತ್ತರಿಂದ ಆಗುತ್ತದೆ. ಅವರಿಗೆ ಬೇಕಾಗಿರುವುದು ಒಂದು ಗುರುತಿನ ಚೀಟಿ, ಓಡಾಟದ ಖರ್ಚು, ವರ್ಕ್‌ಶಾಪಿಗೆ ಬಂದಾಗ ಕುರ್ಚಿ.

ಇಲಾಖೆ ಸುತ್ತೋಲೆ ಹೊರಡಿಸುವವರೆಗೆ ಕಾಯಬೇಕೆಂದೇನೂ ಇಲ್ಲ. ನಾನು ನನ್ನ ಹಳೆಯ ಸಂಸ್ಥೆಯ ಈಗಿನ ಪ್ರಾಂಶುಪಾಲರೊಂದಿಗೆ ಮಾತಾಡಿದ್ದೇನೆ. ಗೈರಾದವರ ಪಟ್ಟಿ ಪ್ರತಿ ಶುಕ್ರವಾರ ಸಂಜೆ ಕೊಡುತ್ತೇನೆ, ಪೋಷಕರ ಒಪ್ಪಿಗೆ ಪತ್ರವನ್ನು ಸೇರುವಾಗಲೇ ತೆಗೆದುಕೊಳ್ಳೋಣ ಎಂದಿದ್ದಾರೆ. ಎಚ್‌ಎಂಟಿಯಿಂದ ನಿವೃತ್ತರಾದ ಇಬ್ಬರು ಗೆಳೆಯರು ಒಪ್ಪಿದ್ದಾರೆ, ಒಬ್ಬರ ಬಳಿ ಸ್ಕೂಟರ್ ಇದೆ. ಪಾವಗಡ, ಮಧುಗಿರಿ, ಕೊರಟಗೆರೆ ಕಡೆಯ ನಿವೃತ್ತ ಕೆಲಸಗಾರರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮೂರಿನ ಐಟಿಐಗೆ ಒಮ್ಮೆ ಹೋಗಿ ಬನ್ನಿ. ಸೆಪ್ಟೆಂಬರ್‌ನಲ್ಲೇ ಹೋಗಿ. ಫೈಲಿಂಗ್ ನಡೆಯುತ್ತಿರುವಾಗಲೇ ಮಕ್ಕಳ ಪರಿಚಯವಾಗಬೇಕು, ಕಡಲೆಕಾಯಿ ಕೀಳುವ ಕಾಲ ಬರುವುದಕ್ಕಿಂತ ಮುಂಚೆ.