‘ಹುಡುಗ ಕುಡೀತಿದ್ನಾ?’

ಅಕ್ಕನ ಮಗನಿಗೆ ಲಿವರ್ ಕ್ಯಾನ್ಸರ್ ಅಂತ ಗೊತ್ತಾದ ವಾರ ನನಗೆ ಬಂದ ಫೋನುಗಳಲ್ಲಿ ಮುಕ್ಕಾಲು ಪಾಲು ಇದೇ ಪ್ರಶ್ನೆ. ಕೆಲವರು ನೇರವಾಗಿ ಕೇಳಿದರು. ಕೆಲವರು ‘ಹಾಸ್ಟೆಲ್‌ನಲ್ಲಿದ್ದ ಅಲ್ವಾ...’ ಅಂತ ರಾಗ ಎಳೆದು ಸುಮ್ಮನಾದರು. ಆ ಎಳೆದದ್ದೇ ಜಾಸ್ತಿ ಚುಚ್ಚಿತು. ಅವನಿಗೆ 19 ವರ್ಷ. ಹಾಸ್ಟೆಲ್ ಸೇರಿ ಅವನು ಕಲಿತ ಕೆಟ್ಟ ಚಟ ಅಂದರೆ ರಾತ್ರಿ ಹನ್ನೊಂದಕ್ಕೆ ಗೋಬಿ ಮಂಚೂರಿ ತಿನ್ನೋದು.

ಕೇಳಿದವರ ಮೇಲೆ ಸಿಟ್ಟಿಲ್ಲ. (ಇದೆ, ಸ್ವಲ್ಪ.) ಆದರೆ ಲಿವರ್ ಕೆಟ್ಟರೆ ಅದು ಕುಡುಕರ ಕಾಯಿಲೆ ಅನ್ನೋ ಲೆಕ್ಕ ನೆಂಟರ ಬಾಯಲ್ಲಿ ಮಾತ್ರ ಇಲ್ಲ. ನಮಗೆ ಅದು ಡಾಕ್ಟರ ರೂಮಿನಲ್ಲೂ ಎದುರಾಯಿತು, ಬೇರೆ ವೇಷದಲ್ಲಿ.

ಮೂರು ತಿಂಗಳು ಅವನು ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ್ದ. ಬಲ ಪಕ್ಕೆಯ ಕೆಳಗೆ ಭಾರ, ಊಟ ಸೇರುತ್ತಿರಲಿಲ್ಲ, ಪ್ಯಾಂಟು ಸಡಿಲ. ಕೊನೆಗೆ ಸ್ಕ್ಯಾನ್ ಮಾಡಿಸಿದರೆ ಲಿವರಿನಲ್ಲಿ 11 ಸೆಂಟಿಮೀಟರ್ ಗಡ್ಡೆ. ಎದೆ ಧಸಕ್ಕಂತು. ಆದರೆ ಉಳಿದ ರಿಪೋರ್ಟೆಲ್ಲ ಚೆನ್ನಾಗಿತ್ತು. ಹೆಪಟೈಟಿಸ್ ಬಿ ಇಲ್ಲ, ಸಿ ಇಲ್ಲ, ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗೋದು) ಇಲ್ಲ. ಲಿವರ್ ಕ್ಯಾನ್ಸರಿಗೆ ನೋಡುವ ಎಎಫ್‌ಪಿ ರಕ್ತಪರೀಕ್ಷೆಯೂ ನಾರ್ಮಲ್. ‘ಇವನಿಗೆ ಕ್ಯಾನ್ಸರ್ ಬರೋಕೆ ಕಾರಣವೇ ಇಲ್ಲಮ್ಮ. ಇದು ಎಫ್‌ಎನ್‌ಎಚ್ ಅಂತ, ಏನೂ ಮಾಡದ ಗಡ್ಡೆ. ಆರು ತಿಂಗಳು ಬಿಟ್ಟು ನೋಡೋಣ’ ಅಂದರು ಡಾಕ್ಟರು. ಅಕ್ಕ ಅವತ್ತು ಮನೆದೇವರಿಗೆ ತುಪ್ಪದ ದೀಪ ಹಚ್ಚಿದಳು.

ಆರು ತಿಂಗಳು ಕಾಯದೆ ಇದ್ದದ್ದು ಅಕ್ಕನ ಹಟದಿಂದ. ಹುಡುಗ ಇಳಿಯುತ್ತಲೇ ಇದ್ದ. ಬೆಂಗಳೂರಿಗೆ ಕರಕೊಂಡು ಬಂದೆವು. ಎಮ್‌ಆರ್‌ಐ ಆಯಿತು, ಬಯಾಪ್ಸಿ ಆಯಿತು. ಆಗ ಸಿಕ್ಕ ಹೆಸರು ಫೈಬ್ರೊಲ್ಯಾಮೆಲ್ಲರ್ ಕಾರ್ಸಿನೋಮ. ಅದನ್ನು ತಡವರಿಸದೆ ಹೇಳೋಕೆ ನನಗೆ ಎರಡು ದಿನ ಬೇಕಾಯಿತು.

ಲಿವರಿನಲ್ಲೇ ಹುಟ್ಟುವ ಕ್ಯಾನ್ಸರುಗಳಲ್ಲಿ ಇದು ನೂರಕ್ಕೆ ಒಂದರಷ್ಟು. ಬರೋದು ಹೆಚ್ಚಾಗಿ ಹದಿಹರೆಯದವರಿಗೆ, ಇಪ್ಪತ್ತು ಮೂವತ್ತರ ಒಳಗಿನವರಿಗೆ. ಅದೂ ಏನೂ ಕೆಡದ ಲಿವರಿನಲ್ಲಿ. ಎಎಫ್‌ಪಿ ಸಾಮಾನ್ಯವಾಗಿ ನಾರ್ಮಲ್ ಇರುತ್ತದೆ. ಅಂದರೆ ನಮಗೆ ಯಾವುದನ್ನು ತೋರಿಸಿ ಧೈರ್ಯ ಹೇಳಿದ್ದರೋ ಅದೆಲ್ಲ ಈ ಕಾಯಿಲೆಯಲ್ಲಿ ಹೀಗೇ ಇರುತ್ತದೆ! ಗಡ್ಡೆಯ ನಡುವೆ ಕಲೆಯಂಥ ಗುರುತು ಎಫ್‌ಎನ್‌ಎಚ್, ಇದು ಎರಡರಲ್ಲೂ ಕಾಣುತ್ತದೆ. ಎಮ್‌ಆರ್‌ಐನ ಟಿ2 ಅನ್ನೋ ಬಗೆಯ ಚಿತ್ರದಲ್ಲಿ ಎಫ್‌ಎನ್‌ಎಚ್‌ನ ಕಲೆ ಸಾಮಾನ್ಯವಾಗಿ ಬೆಳ್ಳಗೆ, ಇದರದ್ದು ಕಪ್ಪಗೆ. ಸಿಟಿ ಸ್ಕ್ಯಾನಿನಲ್ಲಿ ಸುಣ್ಣದ (ಕ್ಯಾಲ್ಸಿಯಂ) ಚುಕ್ಕೆಗಳು ಕಂಡರೆ ಇದರ ಮೇಲೆ ಅನುಮಾನ ಹೆಚ್ಚು. ಎಫ್‌ಎನ್‌ಎಚ್ ಜಾಸ್ತಿ ಬರೋದು ಹೆಂಗಸರಿಗೆ ಅನ್ನೋದೂ ಆಮೇಲೆ ಗೊತ್ತಾಯಿತು.

1956ರಲ್ಲಿ ಎಡ್ಮಂಡ್ಸನ್ ಅನ್ನೋ ಅಮೆರಿಕದ ವೈದ್ಯರು ಇದನ್ನು ಮೊದಲು ದಾಖಲಿಸಿದ್ದು 14 ವರ್ಷದ ಹುಡುಗಿಯಲ್ಲಿ. ಇದರ ಬೇರು ಸಿಕ್ಕಿದ್ದು ಮಾತ್ರ 2014ರಲ್ಲಿ. ಆ ಕಥೆ ಕೇಳಿದಾಗ ನಮ್ಮ ಹುಡುಗ ಹಾಸಿಗೆಯಿಂದ ಎದ್ದು ಕೂತ. 12ನೇ ವಯಸ್ಸಿಗೆ ಇದೇ ಕ್ಯಾನ್ಸರ್ ಬಂದು ಆಪರೇಷನ್ ಆಗಿದ್ದ ಎಲಾನಾ ಸೈಮನ್ ಅನ್ನೋ ಹುಡುಗಿ, ಹೈಸ್ಕೂಲಿನಲ್ಲಿರುವಾಗಲೇ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ತನ್ನ ಅಪ್ಪನ ಪ್ರಯೋಗಾಲಯದವರ ಜೊತೆ ಸೇರಿ ಹುಡುಕಿದಳು. 15 ರೋಗಿಗಳ ಗಡ್ಡೆ ನೋಡಿದರು. ಹದಿನೈದರಲ್ಲೂ ಒಂದೇ ತಪ್ಪು. 19ನೇ ಕ್ರೋಮೋಸೋಮಿನಲ್ಲಿ ಒಂದು ತುಂಡು ಕಳಚಿ, ಹಗ್ಗ ಕತ್ತರಿಸಿ ಗಂಟು ಹಾಕಿದ ಹಾಗೆ ಎರಡು ಜೀನು ಅಂಟಿಕೊಂಡಿದ್ದವು. ಡಿಎನ್‌ಎಜೆಬಿ1, ಪಿಆರ್‌ಕೆಎಸಿಎ. ಬಯಾಪ್ಸಿಯ ಚೂರಿನಲ್ಲಿ ಈಗ ಈ ಗಂಟನ್ನೇ ಹುಡುಕಿ ಕಾಯಿಲೆ ಖಾತ್ರಿ ಮಾಡಿಕೊಳ್ಳಬಹುದು.

ಈ ತಪ್ಪು ಆಗೋದು ಗಡ್ಡೆಯ ಜೀವಕೋಶದಲ್ಲಿ. ಅಪ್ಪ ಅಮ್ಮನಿಂದ ಬಂದದ್ದಲ್ಲ. ಡಾಕ್ಟರ್ ಇದನ್ನು ಹೇಳಿದಾಗ ಅಕ್ಕ ಜೋರಾಗಿ ಅತ್ತಳು. ಬಸುರಿಯಲ್ಲಿ ತಾನು ತಿಂದ ಯಾವುದೋ ಮಾತ್ರೆಯಿಂದ ಹೀಗಾಯಿತು ಅಂದುಕೊಂಡು ಯಾರಿಗೂ ಹೇಳದೆ ಕೊರಗುತ್ತಿದ್ದಳಂತೆ.

ಮುಖ್ಯ ಚಿಕಿತ್ಸೆ ಆಪರೇಷನ್. ಗಡ್ಡೆಯನ್ನು ಪೂರ್ತಿ ತೆಗೀಬೇಕು, ಸುತ್ತಲಿನ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್). ಕೀಮೋ ಇದಕ್ಕೆ ಅಷ್ಟಾಗಿ ಬಗ್ಗೋದಿಲ್ಲ. ಅದಕ್ಕೇ ತೆಗೆಯೋಕೆ ಆಗುವ ಹಂತದಲ್ಲೇ ಸಿಗಬೇಕು, ಅದಕ್ಕೇ ಆ ‘ಆರು ತಿಂಗಳು’ ನೆನೆದರೆ ಈಗಲೂ ಮೈ ನಡುಗುತ್ತದೆ. ಇವನ ಲಿವರಿನ ಬಲಭಾಗ ತೆಗೆದರು. ಉಳಿದದ್ದು ಬೆಳೆದು ಜಾಗ ತುಂಬಿಕೊಂಡಿದೆ. ಆದರೆ ಇದು ಮರುಕಳಿಸೋದು ಜಾಸ್ತಿ, ಹಾಗಾಗಿ ಮೂರು ತಿಂಗಳಿಗೊಮ್ಮೆ ಸ್ಕ್ಯಾನ್. ಕೆಲವರಲ್ಲಿ ರಕ್ತದಲ್ಲಿ ಅಮೋನಿಯ ಏರಿ ತಲೆ ಮಂಕಾಗುವುದುಂಟು. ಅವನು ಮಧ್ಯಾಹ್ನ ಸ್ವಲ್ಪ ಜಾಸ್ತಿ ಮಲಗಿದರೂ ಅಕ್ಕ ಎಬ್ಬಿಸಿ ‘ಇವತ್ತು ಯಾವ ವಾರ ಹೇಳು’ ಅಂತಾಳೆ.

ಹೋದ ಭಾನುವಾರ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆವು. ದೂರದ ನೆಂಟರೊಬ್ಬರು ನನ್ನ ಕಿವಿ ಹತ್ತಿರ ಬಗ್ಗಿ ‘ಈಗ ಪೂರ್ತಿ ಬಿಟ್ಟಿದ್ದಾನಾ?’ ಅಂತ ಕೇಳಿದರು. ಅವನು ಅಲ್ಲೇ ಪಕ್ಕದಲ್ಲಿ ನಿಂತಿದ್ದ.

‘ಗೋಬಿ ಮಂಚೂರಿ ತಾನೇ? ಕಮ್ಮಿ ಮಾಡಿದ್ದೀನಿ ಮಾಮ’ ಅಂದ.